ಮುಳ್ಳಿನ ಮರಿಗೆ ಮೆತ್ತನೆ ಹಾಸಿಗೆ ಯಾವುದು?

ಪ್ರಶ್ನೆ: ನಾವು ಹಾಸನದ ಕಡೆಯವರು. ಐದು ವರ್ಷದಿಂದ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇವೆ. ಮಗಳ ಹಠಕ್ಕೆ ಸೋತು ಸೆಪ್ಟೆಂಬರ್‌ನಲ್ಲಿ ಒಂದು ಪಿಗ್ಮಿ ಹೆಡ್ಜ್‌ಹಾಗ್ (ಬೆನ್ನೆಲ್ಲ ಮುಳ್ಳಿರುವ, ಮುಟ್ಟಿದರೆ ಚೆಂಡಾಗುವ ಪುಟ್ಟ ಪ್ರಾಣಿ) ತಂದೆವು. ಹೆಣ್ಣು, ಈಗ ಎಂಟು ತಿಂಗಳು, ಹೆಸರು ಲಡ್ಡು. ಮಾರಿದವರು ಕೊಟ್ಟ ಫ್ಲೀಸ್ ಬಟ್ಟೆಯನ್ನೇ ಹಾಸುತ್ತಿದ್ದೆವು. ಅದು ಪ್ಲಾಸ್ಟಿಕ್ ಅಂತ ಗೊತ್ತಾದ ಮೇಲೆ, ನ್ಯಾಚುರಲ್ ಆಗಿರಲಿ ಅಂತ ಪೈನ್ ಮರದ ಸಿಪ್ಪೆಯ (ಮರ ಕೀಸಿದಾಗ ಬರುವ ತೆಳು ಚೂರು) ದೊಡ್ಡ ಚೀಲ ತಂದೆ. ಬಿಚ್ಚಿದ ಕೂಡಲೇ ಮನೆಯೆಲ್ಲ ಹೊಸ ಫರ್ನಿಚರ್ ವಾಸನೆ. ಎರಡನೇ ದಿನದಿಂದ ಲಡ್ಡು ಸೀನುತ್ತಿದೆ, ಮೈ ಕೆರೆದುಕೊಳ್ಳುತ್ತಿದೆ. ಒಂದು ರಾತ್ರಿ ಬಾಯಲ್ಲಿ ನೊರೆ ಬರಿಸಿಕೊಂಡು, ಕತ್ತು ತಿರುಚಿ ಬೆನ್ನಿಗೆಲ್ಲ ಬಳಿದುಕೊಂಡಿತು. ಮಗಳು ಹೆದರಿ ಅತ್ತುಬಿಟ್ಟಳು. ಇಲ್ಲಿಗೆ ಬಂದಿರುವ ನಮ್ಮತ್ತೆ (ಗದಗಿನವರು) ಹಳೇ ಕಾಟನ್ ಸೀರೆಯಲ್ಲಿ ಅದಕ್ಕೊಂದು ಪುಟ್ಟ ಕೌದಿ ಹೊಲಿದಿದ್ದಾರೆ. ಅಮ್ಮ ಫೋನಿನಲ್ಲಿ ಒಣಗಿದ ಬೇವಿನ ಎಲೆ ಹಾಕು ಅಂತಾರೆ. ಗಂಡ, ಮೊಲಕ್ಕೆ ಹಾಕುವ ಒಣಹುಲ್ಲು ಸಾಕು ಅಂತಾರೆ. ರಾತ್ರಿ ಹೀಟಿಂಗ್ ಆಫ್ ಮಾಡುತ್ತೇವೆ, ಕೋಣೆ 17–18 ಡಿಗ್ರಿಗೆ ಇಳಿಯುತ್ತದೆ. ಬೆಚ್ಚಗಿರಲಿ ಅಂತ ಹಾಸು ಡಬಲ್ ಮಾಡಿದ್ದೇನೆ. ಈಚೆಗೆ ಲೇಟಾಗಿ ಏಳುತ್ತದೆ, ಮಂಕಾಗಿದೆ. ಸರಿಯಾದ ನ್ಯಾಚುರಲ್ ಹಾಸಿಗೆ ಯಾವುದು ಹೇಳಿ.

ಉತ್ತರ: ನೀವು ಕೇಳಿರುವುದು ಹಾಸಿಗೆ ಬಗ್ಗೆ. ಅದಕ್ಕೆ ಬರುತ್ತೇನೆ. ಆದರೆ ಇದನ್ನು ಓದುತ್ತಿರುವ ಹೊತ್ತಿಗೆ ಸಂಜೆಯಾಗಿದ್ದರೆ, ಮೊದಲು ಹೋಗಿ ಆ ಕೋಣೆಯ ಹೀಟಿಂಗ್ ಆನ್ ಮಾಡಿ ಬನ್ನಿ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ಕೊನೆಯ ನಾಲ್ಕು ಸಾಲು.

ಲಡ್ಡು ಆಫ್ರಿಕಾದ ಬಯಲಿನ ಜೀವಿ. ನಿಮ್ಮ ಹಿತ್ತಲಿಗೆ ಬರುವ ಇಂಗ್ಲೆಂಡಿನ ಕಾಡು ಹೆಡ್ಜ್‌ಹಾಗ್ ಶರತ್ಕಾಲದಲ್ಲಿ ಚೆನ್ನಾಗಿ ತಿಂದು ಕೊಬ್ಬು ಕಟ್ಟಿಕೊಂಡು, ಎಲೆಯ ಗೂಡಿನಲ್ಲಿ ಚಳಿಗಾಲವನ್ನು ಮಲಗಿ ಕಳೆಯುತ್ತದೆ. ಅದರ ಮೈ ಇರುವುದೇ ಹಾಗೆ. ಪಿಗ್ಮಿಗೆ ಆ ತಯಾರಿ ಇಲ್ಲ. ಅದಕ್ಕೆ 24ರಿಂದ 27 ಡಿಗ್ರಿ ಬೇಕು. 18ಕ್ಕೆ ಇಳಿದರೆ ಮೈ ತಣ್ಣಗಾಗಿ ಒಂದು ಥರ ಮರಗಟ್ಟಿದ ನಿದ್ದೆಗೆ ಜಾರುತ್ತದೆ. ಅದು ವಿಶ್ರಾಂತಿಯ ನಿದ್ದೆ ಅಲ್ಲ. ಎಷ್ಟೋ ಸಲ ಅದರಿಂದ ಏಳುವುದೇ ಇಲ್ಲ. ಎದ್ದರೂ ರೋಗ ತಡೆಯುವ ಶಕ್ತಿ ಕುಗ್ಗಿ, ಹಿಂದೆಯೇ ಶ್ವಾಸಕೋಶದ ಸೋಂಕು ಬರಬಹುದು. ಲೇಟಾಗಿ ಏಳುವುದು, ಮಂಕು, ನಡೆಯುವಾಗ ತೂರಾಡುವುದು, ಹೊಟ್ಟೆ ಮುಟ್ಟಿದರೆ ತಣ್ಣಗಿರುವುದು, ಇವು ಅದರ ಲಕ್ಷಣ.

ಹಾಸು ಡಬಲ್ ಮಾಡಿದ್ದೀರಿ, ನಿಜ. ಆದರೆ ಹಾಸು ಶಾಖ ಹುಟ್ಟಿಸುವುದಿಲ್ಲ. ಒಳಗಿರುವ ಶಾಖ ಬೇಗ ಹೋಗದಂತೆ ತಡೆಯುತ್ತದೆ, ಅಷ್ಟೇ. ಅರ್ಧ ಕಿಲೋ ತೂಗದ ಪ್ರಾಣಿ, ಬೆನ್ನ ಮೇಲೆ ಬೆಚ್ಚಗಿನ ತುಪ್ಪಳವೂ ಇಲ್ಲ, ಇರುವುದೆಲ್ಲ ಮುಳ್ಳು. ಅದು ತನ್ನ ಶಾಖದಲ್ಲೇ ಹಾಸಿಗೆ ಬಿಸಿ ಮಾಡಿಕೊಂಡು ಮಲಗಲಿ ಅಂದರೆ ಆಗದ ಮಾತು.

ಹೊಟ್ಟೆ ತಣ್ಣಗಿದ್ದರೆ ನಿಮ್ಮ ಸ್ವೆಟರ್ ಒಳಗೆ, ಮೈಗೆ ಅಂಟಿಸಿ ಇಟ್ಟುಕೊಳ್ಳಿ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಡಿ. ಬಿಸಿನೀರಿನಲ್ಲಿ ಅದ್ದಬೇಡಿ. ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ಏನನ್ನೂ ಹಾಕಬೇಡಿ. ವೈದ್ಯರಿಗೆ ಫೋನ್ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ.

ಖಾಯಂ ವ್ಯವಸ್ಥೆ ಅಂದರೆ ಬೆಳಕು ಬಾರದ ಸೆರಾಮಿಕ್ ಹೀಟ್ ಬಲ್ಬ್, ಅದಕ್ಕೊಂದು ಥರ್ಮೋಸ್ಟಾಟ್. ಥರ್ಮೋಸ್ಟಾಟ್ ಇಲ್ಲದೆ ಬಲ್ಬ್ ಮಾತ್ರ ತರಬೇಡಿ. ಗೂಡಿನ ಒಂದು ಬದಿಗೆ ಮೇಲಿನಿಂದ ಕಾವು ಬರಲಿ, ಇನ್ನೊಂದು ಬದಿ ಸ್ವಲ್ಪ ತಂಪಿರಲಿ. ಎಲ್ಲಿ ಬೇಕೋ ಅಲ್ಲಿ ಅದೇ ಹೋಗಿ ಮಲಗುತ್ತದೆ. ಕೆಳಗಿಡುವ ಹೀಟ್ ಮ್ಯಾಟಿನ ಮೇಲೆ ನಾಲ್ಕು ಇಂಚು ಸಿಪ್ಪೆ ಸುರಿದರೆ ಮೇಲೆ ಮಲಗಿದ ಪ್ರಾಣಿಗೆ ಕಾವು ಮುಟ್ಟುವುದಿಲ್ಲ, ಕೆಳಗಡೆ ಮಾತ್ರ ಕಾದು ಕೂತಿರುತ್ತದೆ. ಥರ್ಮಾಮೀಟರನ್ನು ಗೋಡೆಗೆ ನೇತುಹಾಕಬೇಡಿ, ಲಡ್ಡು ಮಲಗುವ ಮಟ್ಟದಲ್ಲಿ ಇಡಿ. ಅಲ್ಲಿನ ಲೆಕ್ಕವೇ ಬೇರೆ.

ಈಗ ಹಾಸಿಗೆ.

ನಾನು ಓದಿದ್ದು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ. ಅಲ್ಲಿ ಹಾಸು ಅಂದರೆ ಎಮ್ಮೆ ಕೆಳಗಿನ ಹುಲ್ಲು, ಕೋಳಿ ಶೆಡ್ಡಿನ ಭತ್ತದ ಹೊಟ್ಟು. ಹೆಡ್ಜ್‌ಹಾಗ್ ಹೆಸರು ಪರೀಕ್ಷೆಗೂ ಬಂದದ್ದಿಲ್ಲ. ಆದರೆ ಕೋಳಿ ಶೆಡ್ ಕಲಿಸಿದ ಪಾಠ ಇಲ್ಲೂ ಕೆಲಸಕ್ಕೆ ಬರುತ್ತಿದೆ. ಹೊಟ್ಟು ಒದ್ದೆಯಾದ ಶೆಡ್ಡಿಗೆ ಬೆಳಿಗ್ಗೆ ಹೊಕ್ಕರೆ ನಮ್ಮ ಕಣ್ಣು ಉರಿಯುತ್ತಿತ್ತು. ನಿಂತ ನಮಗೇ ಹಾಗಾದರೆ, ನೆಲಕ್ಕೆ ಮೂಗು ಹಚ್ಚಿಕೊಂಡೇ ಬದುಕುವ ಕೋಳಿಗೆ ಹೇಗಿರಬೇಡ? ಲಡ್ಡುವಿನ ಕಥೆಯೂ ಅಷ್ಟೇ. ಅದಕ್ಕೆ ಕಣ್ಣು ಅಷ್ಟಕ್ಕಷ್ಟೆ, ಪ್ರಪಂಚ ಗೊತ್ತಾಗುವುದೇ ಮೂಗಿನಿಂದ. ರಾತ್ರಿಯಿಡೀ ಆ ಮೂಗನ್ನು ಹಾಸಿನೊಳಗೆ ತೂರಿಸಿಕೊಂಡು ಓಡಾಡುತ್ತದೆ. ಅಂಗಡಿಯಲ್ಲಿ ನಾವು ಚೀಲದೊಳಗೆ ಕೈ ಹಾಕಿ 'ಅಬ್ಬಾ, ಎಷ್ಟು ಮೆತ್ತಗಿದೆ' ಅಂತ ಆರಿಸುತ್ತೇವೆ. ಅದರ ಬೆನ್ನಿಗೆ ಮೆತ್ತಗಿದ್ದರೂ ಒಂದೇ, ಒರಟಾಗಿದ್ದರೂ ಒಂದೇ. ಹಾಸು ಆರಿಸಬೇಕಾದದ್ದು ಅದರ ಮೂಗಿಗೆ, ಹೊಟ್ಟೆಗೆ, ಅಂಗಾಲಿಗೆ.

'ನ್ಯಾಚುರಲ್' ಅನ್ನುವ ಪದದ ಹಿಂದೆ ಹೋದರೆ ಇಲ್ಲೇ ಎಡವುತ್ತೇವೆ. ಸೀಡರ್ ಮರದ ಸಿಪ್ಪೆಗಿಂತ ನ್ಯಾಚುರಲ್ ಯಾವುದಿದೆ? ಅದರ ಘಮಕ್ಕೆ ಕಾರಣ ಅದರಲ್ಲಿರುವ ಆವಿಯಾಗುವ ಎಣ್ಣೆಗಳು ಮತ್ತು ಆಮ್ಲಗಳು. ಬಟ್ಟೆ ಪೆಟ್ಟಿಗೆಯಲ್ಲಿ ಹುಳ ಬಾರದಿರಲಿ ಅಂತ ಸೀಡರ್ ಇಡುವುದು ಇವೇ ಎಣ್ಣೆಗಳಿಗಾಗಿ. ಮುಚ್ಚಿದ ಗೂಡಿನಲ್ಲಿ ದಿನವಿಡೀ ಅದನ್ನೇ ಉಸಿರಾಡಿದರೆ ಮೂಗು, ಗಂಟಲು, ಶ್ವಾಸಕೋಶ ಕೆರಳುತ್ತವೆ. ಸೀಡರ್ ಮತ್ತು ಪೈನ್ ಸಿಪ್ಪೆ ಮೇಲೆ ಇಟ್ಟ ಪ್ರಯೋಗಾಲಯದ ಇಲಿಗಳಲ್ಲಿ ಲಿವರ್ ಕಿಣ್ವಗಳು ಏರುಪೇರಾಗುವುದು ದಶಕಗಳ ಹಿಂದೆಯೇ ಕಂಡುಬಂದಿದೆ. ಹೆಡ್ಜ್‌ಹಾಗ್ ಇಲಿ ಜಾತಿಯಲ್ಲ, ಹುಳ ತಿನ್ನುವ ಬೇರೆಯೇ ಬಳಗ. ಆದರೂ ಸೀಡರ್ ವಿಷಯದಲ್ಲಿ ನನಗೆ ಎರಡನೇ ಯೋಚನೆ ಇಲ್ಲ. ಬೇಡ.

ಪೈನ್ ಸ್ವಲ್ಪ ತಕರಾರಿನ ವಿಷಯ. ಭಟ್ಟಿಯಲ್ಲಿ ಚೆನ್ನಾಗಿ ಒಣಗಿಸಿದ ಪೈನ್‌ನಲ್ಲಿ ಆ ಆವಿ ಎಷ್ಟೋ ಕಡಿಮೆಯಾಗಿರುತ್ತದೆ. ಅದನ್ನು ಬಳಸಿ ಏನೂ ತೊಂದರೆ ಆಗದವರು ಇದ್ದಾರೆ. ಆದರೆ ಬಿಚ್ಚಿದ ಕೂಡಲೇ ಮನೆ ತುಂಬ ಘಮ್ಮೆಂದ ಚೀಲ ಸರಿಯಾಗಿ ಒಣಗಿದ್ದಲ್ಲ. ಲಡ್ಡು ಎರಡನೇ ದಿನವೇ ಸೀನಲು ಶುರು ಮಾಡಿದೆ ಅಂದಮೇಲೆ ಅದನ್ನು ಇವತ್ತೇ ತೆಗೆಯಿರಿ. ಸುಮ್ನೆ ಎಸೆಯಲು ಮನಸ್ಸಾಗದಿದ್ದರೆ ಗಿಡದ ಬುಡಕ್ಕೆ ಹಾಕಿ.

ನೊರೆಯ ವಿಷಯಕ್ಕೆ ಮಗಳಿಗೆ ಸಮಾಧಾನ ಹೇಳಿ. ಅದು ಹುಚ್ಚೂ ಅಲ್ಲ, ವಿಷವೂ ಅಲ್ಲ, ಫಿಟ್ಸೂ ಅಲ್ಲ. ಹೊಸ ವಾಸನೆ ಸಿಕ್ಕರೆ ಹೆಡ್ಜ್‌ಹಾಗ್ ಆ ವಸ್ತುವನ್ನು ನೆಕ್ಕಿ, ಜಗಿದು, ಬಾಯಲ್ಲಿ ನೊರೆ ಮಾಡಿ, ಯೋಗಾಸನದವರೂ ನಾಚುವಂತೆ ಕತ್ತು ಹೊರಳಿಸಿ ಮುಳ್ಳಿಗೆ ಬಳಿದುಕೊಳ್ಳುತ್ತದೆ. ಯಾಕೆ ಅನ್ನುವುದಕ್ಕೆ ಹಲವು ಊಹೆಗಳಿವೆ, ಶತ್ರುಗಳಿಗೆ ತನ್ನ ವಾಸನೆ ಮರೆಸಲು ಅನ್ನುವುದು ಒಂದು. ಹೊಸ ಸೋಪು, ಚರ್ಮದ ಬೆಲ್ಟು, ಒಮ್ಮೆ ನನ್ನ ಕೈಗೆ ಅಂಟಿದ್ದ ಉಪ್ಪಿನಕಾಯಿ ವಾಸನೆಗೂ ಒಂದು ಹೀಗೆ ಮಾಡಿತ್ತು. ಕಾಯಿಲೆ ಅಲ್ಲ. ಆದರೆ ಹೊಸ ಹಾಸಿನ ವಾಸನೆ ಎಷ್ಟು ಜೋರಾಗಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ.

ನಿಮ್ಮತ್ತೆ ಹೊಲಿದ ಕೌದಿ. ಇದನ್ನು ಹೇಗೆ ಹೇಳಲಿ ಅಂತ ಯೋಚಿಸಿದೆ. ಎರಡು ವರ್ಷದ ಹಿಂದೆ ಕ್ಲಿನಿಕ್ಕಿಗೆ ಒಂದು ಗಂಡು ಹೆಡ್ಜ್‌ಹಾಗ್ ತಂದಿದ್ದರು, ಕುಂಟುತ್ತಿದೆ ಅಂತ. ಮುಟ್ಟಿದರೆ ಚೆಂಡಾಗುವ ಪ್ರಾಣಿಯ ಕಾಲು ನೋಡುವುದು ಹೇಗೆ? ಗ್ಯಾಸ್ ಅರಿವಳಿಕೆ ಕೊಡಲೇಬೇಕು. ಅದು ಮೆಲ್ಲಗೆ ಬಿಚ್ಚಿಕೊಂಡ ಮೇಲೆ ನೋಡಿದರೆ ಹಿಂಗಾಲಿನ ಒಂದು ಬೆರಳು ದ್ರಾಕ್ಷಿಯಂತೆ ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಬುಡದಲ್ಲಿ ಒಂದು ಗೆರೆ. ಲೆನ್ಸ್ ಹಾಕಿಕೊಂಡು ಚಿಮಟದಲ್ಲಿ ಬಿಡಿಸಿದರೆ ಒಂದೇ ಒಂದು ನೂಲಿನ ಎಳೆ, ನಾಲ್ಕು ಸುತ್ತು ಬಿಗಿದಿತ್ತು. ಹಳೇ ಕಾಟನ್ ಟೀ ಶರ್ಟ್ ಹರಿದು ಹಾಸಿದ್ದರಂತೆ. ಆ ಬೆರಳು ಉಳಿಯಲಿಲ್ಲ.

ಒಗೆದು ಒಗೆದು ಸವೆದ ಸೀರೆ ನಮ್ಮ ಮೈಗೆ ಹಿತ, ಆ ಹಿತಕ್ಕೆ ಕಾರಣವೇ ನೂಲು ಸಡಿಲವಾಗಿರುವುದು. ಕೌದಿಯಲ್ಲಂತೂ ಸಾಲು ಸಾಲು ಕೈಹೊಲಿಗೆ. ಲಡ್ಡುವಿನ ಉಗುರು ಒಂದು ಕಡೆ ಸಿಕ್ಕಿದರೆ ಸಾಕು, ಎಳೆ ಬರುತ್ತದೆ. ಟವೆಲ್ಲಿನ ಕುಣಿಕೆಗಳೂ ಹಾಗೇ. ಅಂಗಡಿಯಲ್ಲಿ ಸಿಗುವ ಹತ್ತಿಯಂಥ ಮೋಡದ ಉಂಡೆ, 'ಸಣ್ಣ ಪ್ರಾಣಿಗಳ ಗೂಡಿಗೆ' ಅಂತ ಬರೆದಿರುತ್ತದೆ, ಅದು ಎಲ್ಲಕ್ಕಿಂತ ಕೆಟ್ಟದ್ದು. ಕಾಲಿಗೂ ಸುತ್ತುತ್ತದೆ, ನುಂಗಿದರೆ ಕರುಳಿನಲ್ಲೂ ಸಿಕ್ಕಿಕೊಳ್ಳುತ್ತದೆ. ಅತ್ತೆಯವರಿಗೆ ಬೇಜಾರಾಗದಂತೆ ಕೌದಿಯನ್ನು ಗೂಡಿನ ಮೇಲೆ, ಹೊರಗಡೆ, ಬೆಳಕು ಮರೆಮಾಡಲು ಹೊದಿಸಬಹುದು. ಗಾಳಿಗೆ ದಾರಿ ಇರಲಿ, ಹೀಟ್ ಬಲ್ಬಿನ ಹತ್ತಿರ ಮಾತ್ರ ಹೋಗದಿರಲಿ.

ಅಮ್ಮ ಹೇಳುವ ಬೇವಿನ ಎಲೆ. ಅಕ್ಕಿ ಡಬ್ಬದಲ್ಲಿ, ಸೀರೆ ಪೆಟ್ಟಿಗೆಯಲ್ಲಿ ನಾವೆಲ್ಲ ಇಟ್ಟು ಬೆಳೆದವರೇ. ಹೆಡ್ಜ್‌ಹಾಗ್ ಮೈಯ ನುಸಿಯನ್ನು ಒಣಗಿದ ಬೇವಿನ ಎಲೆ ಕೊಲ್ಲುತ್ತದೆ ಅಂತ ನಾನು ನಂಬುವುದಿಲ್ಲ. ಪುಡಿಯಾದರೆ ಧೂಳು, ಜೋರು ವಾಸನೆ, ಮತ್ತೆ ನೊರೆಯ ನಾಟಕ. ಇಷ್ಟಕ್ಕೆ ನಿಂತರೆ ಅಂಥ ಅಪಾಯವೂ ಇಲ್ಲ. ಆದರೆ ಬೇವಿನ ಎಲೆಯಿಂದ ಮಾತು ಶುರುವಾಗಿ ಕರ್ಪೂರ, ನುಸಿ ಗುಳಿಗೆವರೆಗೂ ಹೋಗುತ್ತದೆ, ಅದು ಗೊತ್ತಿದೆ ನನಗೆ. ನುಸಿ ಗುಳಿಗೆ ಅಂದರೆ ನಾಫ್ತಲೀನ್, ಇಷ್ಟು ಚಿಕ್ಕ ಪ್ರಾಣಿಗೆ ವಿಷ. ಕರ್ಪೂರವೂ ಬೇಡ.

ನುಸಿಯ ಅನುಮಾನ ಮಾತ್ರ ಸರಿಯಾದದ್ದೇ. ಸಾಕಿದ ಹೆಡ್ಜ್‌ಹಾಗ್‌ಗಳಲ್ಲಿ ಕಪಾರಿನಿಯಾ ಅನ್ನುವ ನುಸಿ ತುಂಬಾ ಸಾಮಾನ್ಯ. ಬರಿಗಣ್ಣಿಗೆ ಹೊಟ್ಟಿನ ಪುಡಿಯಂತೆ ಕಾಣುತ್ತದೆ, ದಿಟ್ಟಿಸಿ ನೋಡಿದರೆ ಪುಡಿ ನಡೆಯುತ್ತಿರುತ್ತದೆ! ಕಣ್ಣಿನ ಸುತ್ತ, ಕಿವಿ ಅಂಚಿನಲ್ಲಿ, ಮುಳ್ಳಿನ ಬುಡದಲ್ಲಿ ಹೊಪ್ಪಳೆ ಕಟ್ಟುತ್ತದೆ, ಮುಳ್ಳು ಉದುರುತ್ತದೆ. ಎಳೆ ಮರಿಗಳಲ್ಲಿ ಹಾಲುಹಲ್ಲಿನಂತೆ ಮೊದಲ ಮುಳ್ಳು ಉದುರಿ ಹೊಸದು ಬರುವುದುಂಟು, ಆದರೆ ಎಂಟು ತಿಂಗಳಿಗೆ ಅದು ಮುಗಿದಿರಬೇಕು. ಆದ್ದರಿಂದ ಈ ಕೆರೆತ ಬರೀ ಪೈನ್‌ನಿಂದ ಅಂತ ನಾನು ಇಲ್ಲಿಂದ ಹೇಳಲಾರೆ. ವೈದ್ಯರು ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅಲ್ಲೇ ಗೊತ್ತಾಗುತ್ತದೆ. ನುಸಿ ಕೆಲವು ಸಲ ಹಾಸಿನ ಚೀಲದ ಜೊತೆಗೇ ಮನೆಗೆ ಬರುತ್ತದೆ. ಅದಕ್ಕೇ ಹೊಸ ಚೀಲವನ್ನು ಎರಡು ದಿನ ಫ್ರೀಜರ್‌ನಲ್ಲಿಟ್ಟು, ಆಮೇಲೆ ಚೆನ್ನಾಗಿ ಒಣಗಿಸಿ, ಕೋಣೆಯ ಶಾಖಕ್ಕೆ ತಂದು ಬಳಸುವವರಿದ್ದಾರೆ. ಒಳ್ಳೇ ಅಭ್ಯಾಸ. ನಾಯಿಗೆ ಹಾಕುವ ಹುಳದ ಔಷಧಿಯನ್ನು ಅಂದಾಜಿನ ಮೇಲೆ ಒಂದು ತೊಟ್ಟು ಹಾಕುವುದು ಮಾತ್ರ ಖಂಡಿತ ಬೇಡ.

ನಿಮ್ಮ ಯಜಮಾನರ ಒಣಹುಲ್ಲು. ಮೊಲ ಹುಲ್ಲು ತಿನ್ನುತ್ತದೆ, ಅದಕ್ಕೆ ಹಾಸೂ ಊಟವೂ ಅದೇ. ಲಡ್ಡುವಿಗೆ ಅದು ಬರೀ ಕಡ್ಡಿ. ಧೂಳು ಜಾಸ್ತಿ, ಒದ್ದೆಯಾದರೆ ಬೇಗ ಬೂಸು ಹಿಡಿಯುತ್ತದೆ, ತುದಿ ಕಣ್ಣಿಗೆ ಚುಚ್ಚುತ್ತದೆ. ಅದರ ಕಣ್ಣು ಮೊದಲೇ ಸ್ವಲ್ಪ ಉಬ್ಬಿದಂತಿರುತ್ತದೆ ನೋಡಿ. ಜೋಳದ ದಿಂಡಿನ ಚೂರು, ಉಂಡೆ ಕಟ್ಟುವ ಬೆಕ್ಕಿನ ಮರಳು, ತೆಂಗಿನ ನಾರಿನ ಪುಡಿ, ಗರಗಸದ ಹೊಟ್ಟು ಕೂಡ ಬೇಡ. ಕೆಲವಕ್ಕೆ ಧೂಳಿನ ದೋಷ, ಕೆಲವಕ್ಕೆ ಬೂಸಿನ ದೋಷ. ಗಂಡುಗಳಲ್ಲಿ ಸಣ್ಣ ಚೂರು ಮೂತ್ರದ ಜಾಗಕ್ಕೆ ಹೊಕ್ಕು ಕೂತು ಕೀವಾಗುವುದೂ ಉಂಟು.

ಹಾಗಾದರೆ ಉಳಿದದ್ದೇನು? ನನ್ನ ಕೈಲಿ ಆಯ್ಕೆ ಮಾಡಿಸಿದರೆ, ಲಡ್ಡುವಿಗೆ ಸದ್ಯಕ್ಕೆ ಕಾಗದದ ಹಾಸು. ಕಾಗದದ ತಿರುಳಿನಿಂದ ಮಾಡಿದ, ಬಣ್ಣವಿಲ್ಲದ, ಸುವಾಸನೆ ಸೇರಿಸದ ಬಿಳಿ ಹಾಸು. ಲ್ಯಾವೆಂಡರ್ ಅಂತೆಲ್ಲ ಬರೆದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಇದು ಮೆತ್ತಗಿರುತ್ತದೆ, ನೀರು ಹೀರುತ್ತದೆ, ಅಂಗಾಲಿಗೆ ಹಿತ. ಬಿಳಿ ಯಾಕೆ ಅಂದರೆ, ಲಡ್ಡು ಹೆಣ್ಣು. ಎರಡು ವರ್ಷ ದಾಟಿದ ಹೆಣ್ಣು ಹೆಡ್ಜ್‌ಹಾಗ್‌ಗಳಲ್ಲಿ ಗರ್ಭಕೋಶದ ಗಡ್ಡೆ ಅಪರೂಪವೇನಲ್ಲ. ಅದರ ಮೊದಲ ಸುಳಿವು ಮೂತ್ರದ ಜಾಗದಲ್ಲಿ ಒಂದೆರಡು ಹನಿ ರಕ್ತ. ಕಂದು ಸಿಪ್ಪೆಯ ಮೇಲೆ ಅದು ಕಾಣುವುದೇ ಇಲ್ಲ. ಬಿಳಿ ಕಾಗದದ ಮೇಲೆ ತಕ್ಷಣ ಕಾಣುತ್ತದೆ. ಕಾಗದದ ತೊಂದರೆ ಅಂದರೆ ದುಡ್ಡು ಜಾಸ್ತಿ. ಕೆಲವು ಚೀಲಗಳ ತಳದಲ್ಲಿ ಧೂಳಿರುತ್ತದೆ, ಕೊನೆಯ ಎರಡು ಹಿಡಿ ಬಳಸಬೇಡಿ. ನ್ಯೂಸ್‌ಪೇಪರ್ ಹರಿದು ಹಾಕಿದರೆ ಸಾಲದಾ ಅಂತ ಕೇಳುವವರಿಗೆ: ಒಂದು ದಿನದ ಮಟ್ಟಿಗೆ ಸಾಕು, ಆದರೆ ಅದು ನೀರು ಹಿಡಿದುಕೊಳ್ಳುವುದಿಲ್ಲ, ಹೊಟ್ಟೆಯೆಲ್ಲ ಮಸಿ.

ಮರವೇ ಬೇಕು ಅಂದರೆ ಆಸ್ಪೆನ್. ಸೀಡರ್, ಪೈನ್‌ನಂಥ ಘಾಟಿನ ಎಣ್ಣೆ ಇದರಲ್ಲಿಲ್ಲ. ಬಡಗಿ ಕೀಸುಳಿ ಉಜ್ಜಿದಾಗ ಬರುವಂಥ ತೆಳು ಸುರುಳಿಯನ್ನೇ ಆರಿಸಿ, ಸೀಳಿದ ಕಡ್ಡಿಯಂಥದ್ದು ಚುಚ್ಚುತ್ತದೆ. ನನ್ನ ಅನುಭವದಲ್ಲಿ ಒಂದೇ ಹೆಸರಿನ ಎರಡು ಚೀಲಗಳಲ್ಲೂ ಧೂಳು ಬೇರೆ ಬೇರೆ ಇರುತ್ತದೆ. ಸೀನು ಪೂರ್ತಿ ನಿಂತ ಒಂದು ತಿಂಗಳ ಮೇಲೆ ಬೇಕಾದರೆ ಪ್ರಯತ್ನಿಸಿ. ಇಂಗ್ಲೆಂಡಿನಲ್ಲಿ ಕುದುರೆ ಲಾಯಕ್ಕೆ ಹಾಕುವ ಹೆಂಪ್ ಕಾಂಡದ ಚೂರು ಕೂಡ ಸಿಗುತ್ತದೆ. ಹೀರುವುದರಲ್ಲಿ ಒಳ್ಳೆಯದು, ಅಂಚು ಮಾತ್ರ ಸ್ವಲ್ಪ ಒರಟು.

ನೀವು ಬಿಟ್ಟುಬಿಟ್ಟ ಫ್ಲೀಸ್ ಇದೆಯಲ್ಲ, ಅದನ್ನು ನಾನು ಅಷ್ಟು ಬೇಗ ಬೈಯುವುದಿಲ್ಲ. ಪಾಲಿಯೆಸ್ಟರ್ ಹೌದು. ಆದರೆ ಕತ್ತರಿಸಿದರೂ ಎಳೆ ಬಿಡುವುದಿಲ್ಲ, ಧೂಳಿಲ್ಲ, ಒಗೆಯಬಹುದು. ಕಾಯಿಲೆಯ ಪ್ರಾಣಿಗೆ, ಆಪರೇಷನ್ ಆದ ಪ್ರಾಣಿಗೆ ನಾವು ಹಾಸುವುದೇ ಅದು. ತಾನಾಗಿ ನೀರು ಹೀರುವುದಿಲ್ಲ, ಕೆಳಗೆ ಹೀರುವ ಪದರ ಬೇಕು, ಎರಡು ದಿನಕ್ಕೊಮ್ಮೆ ಬದಲಿಸಬೇಕು. ಫ್ಯಾಬ್ರಿಕ್ ಸಾಫ್ಟನರ್ ಹಾಕಬೇಡಿ. ಅಂಚಿನಲ್ಲಿ ಹೊಲಿಗೆ ಇದ್ದರೆ ಬಿಚ್ಚಿದೆಯಾ ಅಂತ ಪ್ರತಿ ಸಲ ನೋಡಿ. ಎರಡನ್ನೂ ಸೇರಿಸಿ ನಡೆಸಬಹುದು: ಗೂಡಿನ ತುಂಬ ಎರಡು ಮೂರು ಇಂಚು ಕಾಗದದ ಹಾಸು, ಮಲಗುವ ಪೆಟ್ಟಿಗೆಯೊಳಗೆ ಹಳೇ ಫ್ಲೀಸಿನ ಚೀಲ. ಆ ಚೀಲವನ್ನು ಈ ವಾರ ಒಗೆಯಬೇಡಿ. ಎಲ್ಲ ಹೊಸದಾದಾಗ ತನ್ನದೇ ವಾಸನೆಯ ಒಂದು ಮೂಲೆ ಉಳಿದಿರಲಿ.

ಯಾವ ಹಾಸು ತಂದರೂ ಅಂಗಡಿಯ ಬರಹ ನಂಬುವ ಮುಂಚೆ ಮನೆಯಲ್ಲಿ ಇಷ್ಟು ಮಾಡಿ ನೋಡಿ. ಕಪ್ಪು ಬಟ್ಟೆಯ ಮೇಲೆ ಒಂದು ಹಿಡಿ ಹಾಕಿ ಜೋರಾಗಿ ಕೊಡವಿ. ಹಾಸು ತೆಗೆದ ಮೇಲೆ ಬಟ್ಟೆ ಬೂದಿ ಬಳಿದಂತಾದರೆ ವಾಪಸ್ ಮಾಡಿ. ಚೀಲದೊಳಗೆ ಮೂಗಿಟ್ಟು ಉಸಿರೆಳೆಯಿರಿ, ಮರದ್ದೋ ಹೂವಿನದ್ದೋ ಘಾಟು ಹೊಡೆದರೆ ಬೇಡ. ಬೆರಳಿನ ಮಧ್ಯೆ ಎಳೆದು ನೋಡಿ, ಉದ್ದ ನೂಲು ಬಂದರೆ ಅದೂ ಬೇಡ.

ಉಳಿದದ್ದು ಸ್ವಚ್ಛತೆ. ಒದ್ದೆ ಹಾಸು, ಹಿಕ್ಕೆ ದಿನಾ ಬೆಳಿಗ್ಗೆ ತೆಗೆಯಿರಿ. ಇವು ರಾತ್ರಿ ಚಕ್ರದಲ್ಲಿ ಓಡುತ್ತಲೇ ಕಕ್ಕ ಮಾಡಿ, ಅದರ ಮೇಲೇ ಓಡಿ, ಅಂಗಾಲಿಗೆಲ್ಲ ಮೆತ್ತಿಕೊಳ್ಳುವ ಜೀವಿಗಳು. ಚಕ್ರವನ್ನೂ ದಿನಾ ಒರೆಸಬೇಕು. ವಾರಕ್ಕೊಮ್ಮೆ ಎಲ್ಲ ಬದಲಿಸಿ. ಗಾಜಿನ ತೊಟ್ಟಿಯಲ್ಲಿ ಇಟ್ಟಿದ್ದರೆ ಗಾಳಿ ಆಡದೆ ಅಮೋನಿಯಾ ಕೆಳಗೇ ನಿಲ್ಲುತ್ತದೆ, ಇನ್ನೂ ಬೇಗ ಬದಲಿಸಬೇಕಾದೀತು. ಗೂಡಿನ ಸಾಮಾನನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ. 2019ರಲ್ಲಿ ಅಮೆರಿಕದಲ್ಲಿ ಸಾಕಿದ ಹೆಡ್ಜ್‌ಹಾಗ್‌ಗಳಿಂದ ಸಾಲ್ಮೊನೆಲ್ಲಾ ಹರಡಿ, ಅಲ್ಲಿನ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ, ಇವಕ್ಕೆ ಮುತ್ತು ಕೊಡಬೇಡಿ ಅಂತಲೇ ಹೇಳಬೇಕಾಯಿತು. ಇವುಗಳಿಂದ ಮನುಷ್ಯರಿಗೆ ಹುಳುಕಡ್ಡಿಯೂ ಹರಡುತ್ತದೆ. ಮಗಳು ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆದರೆ ಸಾಕು, ಭಯ ಬೇಡ.

ಊರಿಂದ ಇದನ್ನು ಓದುವವರಿಗೆ ಒಂದು ಮಾತು. ಮುಳ್ಳುಹಂದಿ ಅಂದಾಗ ನಮ್ಮ ಕಣ್ಣಿಗೆ ಬರುವ ಉದ್ದ ಮುಳ್ಳಿನ ಪ್ರಾಣಿ ಬೇರೆ, ಅದು ದಂಶಕ. ಹೆಡ್ಜ್‌ಹಾಗ್‌ಗೆ ತಮಿಳಿನಲ್ಲಿ ಮುಳ್ ಎಲಿ ಅಂತಾರೆ. ತಮಿಳುನಾಡಿನ ಒಣ ಬಯಲುಗಳಲ್ಲಿ ಮದ್ರಾಸ್ ಹೆಡ್ಜ್‌ಹಾಗ್ ಅನ್ನುವ ದಕ್ಷಿಣದ್ದೇ ಜಾತಿ ಇದೆ. ಅದು ವನ್ಯಜೀವಿ. ಎಲ್ಲಾದರೂ ಕಂಡರೆ ನೋಡಿ ಖುಷಿಪಡಿ, ಮನೆಗೆ ತರಬೇಡಿ.

ಲಡ್ಡುವಿಗೆ ವಾಪಸ್ ಬರೋಣ. ಕಾವು ಸರಿಯಾಗಿ, ಪೈನ್ ತೆಗೆದು, ನಾಲ್ಕೈದು ದಿನದಲ್ಲಿ ಸೀನು ನಿಲ್ಲಬೇಕು. ದಿನಕ್ಕೆ ಒಂದೆರಡು ಸೀನು ಲೆಕ್ಕಕ್ಕಿಲ್ಲ. ಮೂಗು ಸೋರಿದರೆ, ಉಸಿರಾಡುವಾಗ ಟಿಕ್ ಟಿಕ್ ಸದ್ದು ಬಂದರೆ, ಊಟ ಬಿಟ್ಟರೆ, ನಾಲ್ಕೈದು ದಿನ ಕಾಯದೆ ಅವತ್ತೇ ಹೋಗಿ. ಏನೂ ಇಲ್ಲದಿದ್ದರೂ ಕೆರೆತಕ್ಕಾಗಿ ಈ ವಾರ ಒಮ್ಮೆ ತೋರಿಸಿ, ಹೆಡ್ಜ್‌ಹಾಗ್ ನೋಡಿ ಅಭ್ಯಾಸ ಇರುವವರನ್ನೇ ಕೇಳಿ ಅಪಾಯಿಂಟ್‌ಮೆಂಟ್ ತಗೊಳ್ಳಿ. ನಾಳೆ ಸಂಜೆ ಅದು ಎದ್ದ ಮೇಲೆ ಒಂದು ಡಬ್ಬದಲ್ಲಿ ಕೂರಿಸಿ ತೂಕ ನೋಡಿ ಬರೆದಿಡಿ, ವಾರಕ್ಕೆರಡು ಸಲ ಅದೇ ಹೊತ್ತಿಗೆ. ಆ ಕೆಲಸ ಮಗಳಿಗೆ ವಹಿಸಿ. ತೂಕದ ಮಷಿನ್ ಮಾತ್ರ ಅಡುಗೆಮನೆಯದ್ದು ಬೇಡ, ಬೇರೆ ಒಂದು ತಗೊಳ್ಳಿ.